ಹಿಮ್ಮಡಿ, ಕಿರುಬೆರಳು ಮತ್ತು ರಾತ್ರಿಪಾಳಿ

ನಮ್ಮ ಜನಕ್ಕೆ ರಾತ್ರಿ ಎದ್ದಿರುವವರ ಮೇಲೆ ಬಹಳ ಗೌರವ. ರಾತ್ರಿಯಿಡೀ ಭಜನೆ ಮಾಡಿದವನಿಗೆ ಬೆಳಿಗ್ಗೆ ಚಹಾ ಕೊಟ್ಟು ಕೈ ಮುಗಿಯುತ್ತಾರೆ. ರಾತ್ರಿಯಿಡೀ ಓದಿದ ಹುಡುಗನ ನೆತ್ತಿಗೆ ತಾಯಿ ಎಣ್ಣೆ ತಟ್ಟುತ್ತಾಳೆ. ಆದರೆ ರಾತ್ರಿ ಎದ್ದಿದ್ದ ಮನುಷ್ಯ ಬೆಳಿಗ್ಗೆ ಹತ್ತು ಗಂಟೆಗೆ ಹಾಸಿಗೆ ಹಾಸಿದನೋ, ಆ ಗೌರವವೆಲ್ಲ ಮಣ್ಣುಪಾಲು. "ಏನ್ರೀ, ಮೈಯಾಗ ಆರಾಮಿಲ್ಲೇನು?" ಎಂದು ಕೇಳುತ್ತಾರೆ. ಆರಾಮಿದ್ದೇನೆ ಎಂದಿರೋ ನೀವು ಸೋಮಾರಿ. ಆರಾಮಿಲ್ಲ ಎಂದಿರೋ ಕುಳಿತು ಒಂದು ತಾಸು ಔಷಧಿ ಹೇಳುತ್ತಾರೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನಿದ್ದೆ ಮಾತ್ರ ಇಲ್ಲ. ಇದು ಯಾವ ಊರಿನ ನ್ಯಾಯ ಎಂದು ನಾನು ಬಹಳ ಸಲ ಕೇಳಿದ್ದೇನೆ, ಯಾರೂ ಉತ್ತರ ಕೊಟ್ಟಿಲ್ಲ.

ತೊಂಬತ್ತರ ದಶಕದ ಆರಂಭದ ಮಾತು. ನಾನು ಕಮಲಾಪುರದ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಯಾವ ಲೈನಿಗೆ ಯಾವಾಗ ಕರೆಂಟು ಬಿಡಬೇಕು, ಯಾವಾಗ ತೆಗೆಯಬೇಕು ಎಂದು ಕಲಬುರ್ಗಿಯಿಂದ ಫೋನು ಬರುತ್ತದೆ. ಅದರಂತೆ ಸ್ವಿಚ್ಚು ಹಾಕುವುದು, ತೆಗೆಯುವುದು, ತಾಸಿಗೊಮ್ಮೆ ಮೀಟರು ನೋಡಿ ಬರೆಯುವುದು. ಮೊದಲು ನಾವು ನಾಲ್ಕು ಮಂದಿ ಇದ್ದೆವು, ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಒಬ್ಬ ವರ್ಗವಾಗಿ ಹೋದ, ಇನ್ನೊಬ್ಬ ಕಾಲು ಮುರಿದುಕೊಂಡ. ಉಳಿದವರು ನಾನು ಮತ್ತು ಖಾಜಾಮಿಯಾ. ಹಗಲಿನ ಹನ್ನೆರಡು ತಾಸು ಖಾಜಾಮಿಯಾನಿಗೆ, ರಾತ್ರಿಯ ಹನ್ನೆರಡು ತಾಸು ನನಗೆ. "ನಿಮಗ ರಾತ್ರಿ ಹೊಂದ್ಯಾದ ಬಿಡ್ರಿ" ಎಂದರು ನಮ್ಮ ಶಾಖೆಯ ಸಾಹೇಬರು, ನನ್ನ ಮೈಯ ವಿಷಯ ನನಗಿಂತ ಅವರಿಗೇ ಹೆಚ್ಚು ಗೊತ್ತಿದ್ದವರ ಹಾಗೆ. ಒಂದು ತಿಂಗಳ ಮಟ್ಟಿಗೆ ಎಂದಿದ್ದು ಏಳು ತಿಂಗಳಾಯಿತು.

ಬೆಳಿಗ್ಗೆ ಬಸ್ಸು ಹಿಡಿದು ಕಲಬುರ್ಗಿಯ ಗಾಜಿಪುರ ಬಡಾವಣೆಯ ಮನೆಗೆ ಬಂದು ಮಲಗಬೇಕು. ಮಲಗಬೇಕು ಎನ್ನುವುದು ನನ್ನ ಅಭಿಪ್ರಾಯ. ಗಾಜಿಪುರದ ಅಭಿಪ್ರಾಯ ಬೇರೆ ಇತ್ತು. ನಾನು ಹೊದ್ದುಕೊಳ್ಳುವ ಹೊತ್ತಿಗೆ ಸರಿಯಾಗಿ ನನ್ನ ಹೆಂಡತಿ ಮಹಾದೇವಿ ರೊಟ್ಟಿ ತಟ್ಟಲು ಕೂಡುತ್ತಿದ್ದಳು. ಅವಳದು ತಪ್ಪಲ್ಲ, ಮನೆಯಲ್ಲಿ ಉಣ್ಣುವವರಿದ್ದೇವೆ. ಅದು ಮುಗಿಯುವಷ್ಟರಲ್ಲಿ ಹಳೇ ಬಟ್ಟೆಗೆ ಬಾಂಡೆ-ಪಾತ್ರೆ ಕೊಡುವವಳು ಕೂಗುತ್ತ ಬರುತ್ತಾಳೆ. ಅವಳು ಓಣಿ ದಾಟಿದರೆ ಗುಂಡಮ್ಮ ಕಾಕು ಖಾರ ಕುಟ್ಟುತ್ತಾಳೆ. ಗುಂಡಮ್ಮ ಕಾಕು ನಮ್ಮ ಪಕ್ಕದ ಮನೆಯವಳು. ಅವಳ ಮನೆಯಲ್ಲಿ ಇರುವವರು ಇಬ್ಬರು, ಕುಟ್ಟುವ ಖಾರ ಮಾತ್ರ ಒಂದು ಮದುವೆಗಾಗುವಷ್ಟು. ಒಮ್ಮೆ ಅವಳು ಗಾದಿಯ ಅರಳೆ ಹಿಂಜಿಸಲು ಪಿಂಜಾರನನ್ನು ಕರೆಸಿ ಸರಿಯಾಗಿ ನನ್ನ ಕಿಟಕಿಯ ಕೆಳಗೇ ಕೂರಿಸಿದಳು. ಅವನ ಬಿಲ್ಲು ಟಂಯ್ ಟಂಯ್ ಎನ್ನುವಾಗ ಅದರ ತಂತಿ ನನ್ನ ಎರಡು ಕಿವಿಗಳ ನಡುವೆಯೇ ಬಿಗಿದಿದೆಯೇನೋ ಎನ್ನಿಸುತ್ತಿತ್ತು. ಕಾಕು ಮೆತ್ತಗೆ ಮಲಗಲಿ ಎಂದು ನಾನು ಎದ್ದಿರಬೇಕು! ಹೊರಗೆ ಬಂದು ಕೂಗಾಡಿದೆ. ಪಿಂಜಾರ ಬಿಲ್ಲು ಕೆಳಗಿಟ್ಟು ಮರ್ಯಾದೆಯಿಂದಲೇ ಕೇಳಿದ: "ಸಾಬ್, ಈಗ ಹನ್ನೊಂದೂವರಿ ಆಗ್ಯಾದ. ನಾ ರಾತ್ರಿ ಬಂದು ಹಿಂಜಲೇನ್ರೀ?"

ಏಳು ತಿಂಗಳಲ್ಲಿ ಮೂರನೆಯದೋ ನಾಲ್ಕನೆಯದೋ ತಿಂಗಳಿಗೆ ಎಡ ಹಿಮ್ಮಡಿ ನೋಯತೊಡಗಿತು. ಹಿಮ್ಮಡಿ ಎಲ್ಲರಿಗೂ ನೋಯುತ್ತದೆ, ಅದೇನು ದೊಡ್ಡದಲ್ಲ. ಆದರೆ ನನ್ನದು ದಿನದಿನಕ್ಕೆ ದೊಡ್ಡದಾಯಿತು. ಬಸ್ಸಿನಿಂದ ಇಳಿದರೆ ಮೊಳೆಯ ಮೇಲೆ ಇಳಿದಂತೆ. ಮಲಗಿದರೆ ಚಾದರದ ಅಂಚು ತಾಗಿದರೂ ಚುರ್ರೆನ್ನುವುದು. ಆಮೇಲೆ ಬಲಗೈಯ ಕಿರುಬೆರಳು, ಅದರ ಪಕ್ಕದ ಬೆರಳು ಜೋಮು ಹಿಡಿದವು. ಶರ್ಟಿನ ಗುಂಡಿ ಹಾಕಿಕೊಳ್ಳುವಾಗ ಆ ಎರಡು ಬೆರಳು ಬೇರೆ ಯಾರದೋ, ಕೆಲಸಕ್ಕೆಂದು ಎರವಲು ತಂದವು ಎಂಬಂತೆ ಸುಮ್ಮನೆ ನಿಂತಿರುತ್ತಿದ್ದವು.

ಔಷಧಿಗೇನೂ ಕೊರತೆಯಾಗಲಿಲ್ಲ. "ವಾಯು ಅದ" ಎಂದಳು ಗುಂಡಮ್ಮ ಕಾಕು. ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಕಿ, ಹಿಮ್ಮಡಿ ಊರಬೇಕು ಎಂದಳು. ಊರಿದೆ. ವಾಯು ಹೋಯಿತೋ ಇಲ್ಲವೋ, ಚರ್ಮ ಹೋಯಿತು. ನಮ್ಮ ಓಣಿಯ ಕಂಪೌಂಡರು ಹತ್ತು ಕೆಂಪು ಇಂಜೆಕ್ಷನ್ ಚುಚ್ಚಿದರು. ಹಿಮ್ಮಡಿಯ ಜೊತೆಗೆ ಕೂರುವ ಜಾಗವೂ ನೋಯಲು ಹತ್ತಿತು. ಮಹಾದೇವಿಯ ಅಣ್ಣ ಮಾತ್ರ ಔಷಧಿ ಹೇಳಲಿಲ್ಲ. ಶರಣಸಿರಸಗಿಯಲ್ಲಿ ನೆಂಟರ ಮನೆಯ ಬಸುರಿಯ ಕುಬಸದ ಊಟಕ್ಕೆ ಕೂತಾಗ ಪಂಕ್ತಿಯವರೆಲ್ಲ ಕೇಳುವ ಹಾಗೆ ಹೇಳಿದ: "ಮಾವಾರ, ನಿಮ್ಮ ನೌಕರಿ ಬಾಳ ಛಂದ ಅದ ನೋಡ್ರಿ. ರಾತ್ರಿ ಆಫೀಸಿನ್ಯಾಗ ಮಲಗ್ತೀರಿ, ಹಗಲಿ ಮನ್ಯಾಗ ಮಲಗ್ತೀರಿ. ಮಲಗಿ ಮಲಗೇ ಮೈ ಕೈ ನೋಯ್ಲಾಕತ್ತಾವು."

ನಾನು ಎಲೆಯ ಮುಂದಿನಿಂದ ಎದ್ದುಬಿಟ್ಟೆ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಡ್ಯೂಟಿಯ ಮೇಲೆ ಒಂದು ಕಣ್ಣು ಮುಚ್ಚಿದ್ದರೆ ನಾಲಿಗೆ ಬಿದ್ದುಹೋಗಲಿ ಎಂದೆ. ಇನ್ನೂ ಏನೇನೋ ಎಂದೆ. ಹೋಳಿಗೆ ಬಿಟ್ಟು ಎದ್ದವನೆಂದು ನೆಂಟರಲ್ಲಿ ಆ ವರ್ಷವೆಲ್ಲ ನನ್ನದೇ ಮಾತು. ಮನೆಗೆ ಬಂದ ಮೇಲೆ ಮಹಾದೇವಿ, "ನಾಳೆ ಐವಾನ್-ಎ-ಶಾಹಿ ಕಡೆ ಡಾಕ್ಟರ್ ಬಾಯಿ ಹತ್ರ ಹೋಗಾಮು. ನೀವು ಮೊದಲು ಹಿಂಗ ಇದ್ದಿದ್ದಿಲ್ಲ" ಎಂದಳು.

ಡಾಕ್ಟರ್ ಬಾಯಿ ವಯಸ್ಸಾದ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವವರು. ಹಿಮ್ಮಡಿ ಒತ್ತಿದರು. ಕೈ ಮಡಚಿಸಿ ಮೊಣಕೈಯ ಒಳಬದಿಗೆ ಬೆರಳಿನಿಂದ ಟಕ್ಕೆಂದು ಬಡಿದರು. ಕಿರುಬೆರಳಿನ ತುದಿಯವರೆಗೆ ಝುಮ್ಮೆಂದಿತು. ಹದಿನಾಲ್ಕು ವರ್ಷ ಕರೆಂಟಿನ ನಡುವೆ ಇದ್ದೂ ಒಮ್ಮೆಯೂ ಹೊಡೆಸಿಕೊಳ್ಳದ ನನಗೆ ಡಾಕ್ಟರ್ ಬಾಯಿಯ ಕುರ್ಚಿಯಲ್ಲಿ ಕರೆಂಟು ಹೊಡೆಯಿತು. ಆಮೇಲೆ, ಇಷ್ಟು ದಿನ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು.

"ದಿನಾ ಎಷ್ಟು ತಾಸು ನಿದ್ದಿ ಆಗ್ತದ?"

"ಮೂರು, ಬಾಳಂದ್ರ ಮೂರೂವರಿ ತಾಸು ರೀ. ಅದೂ ತುಂಡು ತುಂಡು."

"ಎಷ್ಟು ದಿನದಿಂದ?"

"ಏಳು ತಿಂಗಳು ರೀ."

ಅವರು ಪೆನ್ನು ಕೆಳಗಿಟ್ಟರು. "ನೋಡ್ರಿ, ನೋವು ಹಿಮ್ಮಡ್ಯಾಗ ಹುಟ್ಟತದ ಖರೆ. ಎಷ್ಟು ನೋಯಬೇಕು ಅಂತ ಹೇಳೋದು ತಲಿ. ನಿದ್ದಿ ಆದ ತಲಿ, ಇದು ಸಣ್ಣದು ಬಿಡು ಅಂತದ. ನಿದ್ದಿಗೆಟ್ಟ ತಲಿ ಸಣ್ಣದಕ್ಕೂ ಬಾಯಿ ಬಡ್ಕೊಂತದ. ನಿಮ್ಮ ನೋವು ಅರ್ಧ ಹಿಮ್ಮಡೀದು, ಅರ್ಧ ನಿದ್ದೀದು."

ಆಹಾ! ಆ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಏಳು ತಿಂಗಳಿಗೆ ಒಬ್ಬರಾದರೂ ನನ್ನನ್ನು ಸೋಮಾರಿ ಎನ್ನಲಿಲ್ಲವಲ್ಲ! "ಕೇಳಿದೇನು?" ಎನ್ನುವಂತೆ ಮಹಾದೇವಿಯತ್ತ ನೋಡಿದೆ. ನನಗೆ ಹಗಲು ಪಾಳಿ ಕೊಡಬೇಕೆಂದು ಸಾಹೇಬರಿಗೆ ಒಂದು ಚೀಟಿ ಬರೆದುಕೊಡಿ ಎಂದು ಬೇಡಿಕೊಂಡೆ. ಬರೆಯತೊಡಗಿದರು. ಬರೆಯುತ್ತಲೇ ಕೇಳಿದರು: "ಡ್ಯೂಟಿ ಮ್ಯಾಲೆ ಮಲಗೋವಾಗ ಗಲ್ಲಕ್ಕ ಬಲಗೈ ಕೊಟ್ಟು, ಮೊಣಕೈ ಟೇಬಲ್ ಮ್ಯಾಲೆ ಊರ್ತೀರಿ, ಹೌದಲ್ರಿ?"

"ಹೌದ್ರೀ" ಎಂದುಬಿಟ್ಟೆ.

ಮಹಾದೇವಿ ನನ್ನ ಕಡೆ ತಿರುಗಿದಳು. ನಾನು ಗೋಡೆಯ ಮೇಲಿದ್ದ ಎಲುಬಿನ ಚಿತ್ರದ ಕಡೆ ತಿರುಗಿದೆ.

"ಅಲ್ಲೇ ನರ ಒತ್ತಲಾಕತ್ತದ. ಅದಕ್ಕೇ ಬೆರಳು ಜೋಮು" ಎಂದು ಅದನ್ನೂ ಬರೆದರು. ನಿದ್ದೆಗೆಟ್ಟು ನೋವು ಹೆಚ್ಚಾಗಿದೆ, ಮೇಜಿನ ಮೇಲೆ ಮೊಣಕೈ ಊರಿ ಮಲಗಿದ್ದರಿಂದ ಬೆರಳು ಜೋಮು ಹಿಡಿದಿವೆ, ಹಗಲು ಪಾಳಿ ಕೊಡಿ. ನಿದ್ದೆ ಇಲ್ಲ ಎನ್ನುವುದೂ ಅದರಲ್ಲೇ, ನಿದ್ದೆ ಮಾಡುತ್ತಾನೆ ಎನ್ನುವುದೂ ಅದರಲ್ಲೇ. "ಆ ಎರಡನೇ ಮಾತು ತೆಗೀರಿ, ನೌಕರಿ ಹೋಗ್ತದ" ಎಂದೆ. "ನನ್ನ ಕೈಲೆ ಸುಳ್ಳು ಬರಸ್ತೀರೇನು?" ಎಂದು ಅವರು ಮುಂದಿನ ರೋಗಿಯನ್ನು ಕರೆದರು. ಮನೆಗೆ ಬರುವ ದಾರಿಯಲ್ಲಿ ಮಹಾದೇವಿ ಕೇಳಿದ್ದು ಒಂದೇ ಮಾತು: "ನಮ್ಮಣ್ಣನ ಮುಂದ ನಾಲಿಗಿ ಬೀಳಲಿ ಅಂದಿದ್ರಿ. ಐತಲ್ಲ ಇನ್ನೂ?"

ಚೀಟಿ ಹದಿನೈದು ದಿನ ಕಿಸೆಯಲ್ಲೇ ಇತ್ತು. ಕೊಟ್ಟರೆ ಮಾನ ಹೋಗುತ್ತದೆ, ಕೊಡದಿದ್ದರೆ ಹಿಮ್ಮಡಿ ಹೋಗುತ್ತದೆ. ಡಾಕ್ಟರ್ ಬಾಯಿ ಮೇಲೆ, ಸಾಹೇಬರ ಮೇಲೆ, ವರ್ಗವಾಗಿ ಹೋದವನ ಮೇಲೆ, ಕಾಲು ಮುರಿದುಕೊಂಡವನ ಮೇಲೆ ಸಿಟ್ಟು ಮಾಡುತ್ತ ದಿನ ತಳ್ಳಿದೆ.

ಆಗ ಒಂದು ಬೆಳಿಗ್ಗೆ ನಡೆದದ್ದನ್ನು ನಗುತ್ತ ಹೇಳಲು ನನಗೆ ಇಂದಿಗೂ ಆಗುವುದಿಲ್ಲ. ಬಾಳೆತೋಟಗಳ ಕಡೆಯ ಲೈನಿನಲ್ಲಿ ತಂತಿ ಕಡಿದಿತ್ತು. ಲೈನ್‌ಮನ್ ಭೀಮಶಾ ಬಂದು, ಆ ಲೈನು ಬಂದ್ ಮಾಡಿಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಕಂಬ ಹತ್ತಲು ಹೋದ. ನಾನು ನಿಯಮದಂತೆ ಆ ಸ್ವಿಚ್ಚಿನ ಹಿಡಿಕೆಗೆ 'ಲೈನಿನ ಮೇಲೆ ಮನುಷ್ಯನಿದ್ದಾನೆ' ಎಂಬ ಕೆಂಪು ಹಲಗೆ ತೂಗುಹಾಕಿದೆ. ಅರ್ಧ ತಾಸಿಗೆ ಕಲಬುರ್ಗಿಯಿಂದ ಫೋನು: ಊರಿನ ಲೈನಿಗೆ ಕರೆಂಟು ಬಿಡಿ. ಎದ್ದೆ, ಹೋದೆ, ಊರಿನ ಲೈನಿನದೆಂದುಕೊಂಡು ತೋಟದ ಲೈನಿನ ಹಿಡಿಕೆಗೆ ಕೈ ಹಾಕಿದೆ. ಹಲಗೆ ಆ ಎರಡು ಬೆರಳಿಗೆ ತಾಗಿತ್ತು; ಬೆರಳಿಗೆ ತಿಳಿಯಲಿಲ್ಲ. ಕಣ್ಣ ಮುಂದೆಯೇ ಇತ್ತು, ಕಣ್ಣಿಗೂ ತಿಳಿಯಲಿಲ್ಲ.

"ಏ ಹುಚ್ಚಾ, ಕೈ ತೆಗಿ!"

ಪಾಳಿಗೆಂದು ಆಗತಾನೇ ಬಾಗಿಲೊಳಗೆ ಕಾಲಿಟ್ಟಿದ್ದ ಖಾಜಾಮಿಯಾ. ಅವನ ಕೈಯ ಬುತ್ತಿ ನೆಲಕ್ಕೆ ಬಿದ್ದು ಪಲ್ಯ ಚೆಲ್ಲಿತ್ತು. ನಾನು ಕೈ ತೆಗೆದೆ.

ಒಂದು ತಾಸಿನ ಮೇಲೆ ಭೀಮಶಾ ಬಂದ. ಯಾರೋ ತೋಟದವರು ಕೊಟ್ಟ ಕೆಂಪು ಬಾಳೆಹಣ್ಣು ನನ್ನ ಮುಂದಿಟ್ಟು, "ತಿನ್ರಿ ಅಣ್ಣಾರ, ಗಿಡದಾಗೇ ಹಣ್ಣಾದವು ಅವ. ಮಾರಿ ಯಾಕ ಇಷ್ಟು ಬಿಳಿಚ್ಯಾದ?" ಎಂದ. ನಡೆದದ್ದನ್ನು ಹೇಳಿದೆ. ಅವನು ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದವನು ನಿಲ್ಲಿಸಿದ. ಬೈಯಲಿಲ್ಲ. "ನನ್ನ ಮಗಳದು ಮುಂದಿನ ತಿಂಗಳ ಲಗ್ನ ಅದ ರೀ" ಎಂದಷ್ಟೇ ಹೇಳಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ನಾನು ಮನೆಗೆ ಹೋಗಲಿಲ್ಲ. ಸಾಹೇಬರು ಬರುವವರೆಗೆ ಅವರ ಬಾಗಿಲಲ್ಲೇ ನಿಂತಿದ್ದು, ಬೆವರಿನಿಂದ ಮೆತ್ತಗಾಗಿದ್ದ ಚೀಟಿ ಕೊಟ್ಟೆ, ಬೆಳಗಿನ ಸಂಗತಿಯನ್ನೂ ಹೇಳಿದೆ. ಅವರು ಎರಡು ಸಲ ಓದಿದರು. ನನ್ನ ಮುಖ ನೋಡಿದರು. ಮಧ್ಯಾಹ್ನದೊಳಗೆ ಬೇರೆ ಕಡೆಯಿಂದ ಇಬ್ಬರನ್ನು ಕರೆಸಲು ಫೋನಾಯಿತು. ಪಾಳಿ ಮೊದಲಿನಂತೆ ವಾರಕ್ಕೊಮ್ಮೆ ಎಂದಾಯಿತು, ನನಗೆ ಎರಡು ವಾರ ಬರೀ ಹಗಲು. ಏಳು ತಿಂಗಳು ಸಿಗದ ಮನುಷ್ಯರು ಅರ್ಧ ದಿನದಲ್ಲಿ ಎಲ್ಲಿಂದ ಹುಟ್ಟಿಬಂದರು? ಇದನ್ನು ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಕಾಗದ ಕೈಗಿತ್ತರು. ಮೆಮೊ. ಕರ್ತವ್ಯದ ಮೇಲಿದ್ದಾಗ ಮಲಗಿದ್ದಕ್ಕೆ ನಿಮ್ಮ ಮೇಲೆ ಕ್ರಮ ಏಕೆ ಕೈಗೊಳ್ಳಬಾರದು?

ನನ್ನ ಮೈ ಉರಿದುಹೋಯಿತು. ಸಂಜೆ ಊಟವನ್ನೂ ಬಿಟ್ಟು ಉತ್ತರ ಬರೆಯಲು ಕೂತೆ. ಹನ್ನೆರಡು ತಾಸಿನ ಪಾಳಿ, ಏಳು ತಿಂಗಳು, ಮೇಲಧಿಕಾರಿಗಳ ಹೃದಯಹೀನತೆ, ಮನುಷ್ಯನ ನರಮಂಡಲ, ಎಲ್ಲ ತಲೆಯಲ್ಲಿ ಸಾಲಾಗಿ ನಿಂತಿದ್ದವು. ಆರು ಪುಟಕ್ಕೆ ಕಡಿಮೆಯಾಗುವಂತಿರಲಿಲ್ಲ. 'ಮಾನ್ಯರೇ' ಎಂದು ಬರೆದದ್ದು ನೆನಪಿದೆ.

ಕಣ್ಣು ತೆರೆದಾಗ ಬೆಳಗಾಗಿತ್ತು. ಯಾವಾಗಲೋ ಮಹಾದೇವಿ ನನ್ನನ್ನು ಹಾಸಿಗೆಗೆ ಉರುಳಿಸಿದ್ದಳು. ಹತ್ತು ತಾಸು ಮಲಗಿದ್ದೆನಂತೆ. ಎದ್ದು ನಿಂತೆ, ಹಿಮ್ಮಡಿ ನೋಯಿತು, ಆದರೆ ಬರೀ ಹಿಮ್ಮಡಿಯಷ್ಟೇ ನೋಯಿತು. ಉತ್ತರ ಮುಗಿಸೋಣವೆಂದು ಮೆಮೊ ತೆಗೆದು ಓದಿದೆ. ಸಿಟ್ಟು ಬರಲಿಲ್ಲ. ಮತ್ತೊಮ್ಮೆ ಓದಿದೆ, ಸ್ವಲ್ಪ ಜೋರಾಗಿ. ಬರಲಿಲ್ಲ. ಏಳು ತಿಂಗಳು ನ್ಯಾಯಕ್ಕಾಗಿ ಕುದಿಯುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಅದರಲ್ಲಿ ಅರ್ಧ ನ್ಯಾಯದ್ದು, ಅರ್ಧ ನಿದ್ದೆಯದು ಎಂದು ತಿಳಿದಾಗ ಆದ ಅವಮಾನ ಮೆಮೊದಿಂದಲೂ ಆಗಿರಲಿಲ್ಲ. 'ಮಾನ್ಯರೇ' ಎನ್ನುವುದರ ಕೆಳಗೆ 'ಮಲಗಿದ್ದು ನಿಜ' ಎಂದು ಬರೆದು ಸಹಿ ಹಾಕಿದೆ.

ಸಾಹೇಬರು ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರು. "ಇಷ್ಟೇ ಏನ್ರಿ?"

"ಇಷ್ಟೇ ರೀ. ರಾತ್ರಿ ಛಂದ ನಿದ್ದಿ ಬಂತ್ರಿ."

ಎಚ್ಚರಿಕೆ ಕೊಟ್ಟು ಬಿಟ್ಟರು. ಆವತ್ತಿನಿಂದ ನಾನು ಯಾವುದಾದರೂ ಅನ್ಯಾಯ ಕಂಡು ಕೂಗಾಡತೊಡಗಿದರೆ ಮಹಾದೇವಿ ವಾದಕ್ಕೆ ನಿಲ್ಲುವುದಿಲ್ಲ, ಹಾಸಿಗೆ ಬಿಡಿಸುತ್ತಾಳೆ. "ಮಲಗಿ ಏಳ್ರಿ. ಎದ್ದ ಮ್ಯಾಲೂ ಸಿಟ್ಟಿದ್ರ ಆವಾಗ ನೋಡಾಮು" ಎನ್ನುತ್ತಾಳೆ. ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಆದ್ದರಿಂದಲೇ ಈ ಲೇಖನವನ್ನು ಇವತ್ತೇ, ಮಲಗುವ ಮುಂಚೆಯೇ ಮುಗಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಎದ್ದ ಮೇಲೆ ಬರೆಯಲು ಏನೂ ಉಳಿದಿರಲಿಕ್ಕಿಲ್ಲ.