ಷಡ್ಡಕನ ಗ್ರೀಸ್ ಡಬ್ಬಿ

ಗುಡಿಗೆ ಹೋಗಿ, ದೇವರನ್ನು ಬಿಟ್ಟು ಬಾಗಿಲಿನ ಕೀಲು ನೋಡುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಂಡದ್ದಷ್ಟೇ ಅಲ್ಲ, ಆತ ನನ್ನ ಸ್ವಂತ ಷಡ್ಡಕ! ನನ್ನ ಹೆಂಡತಿಯ ತಂಗಿಯನ್ನು ಮದುವೆಯಾದವನು. ನಂಜನಗೂಡಿನಲ್ಲಿ ಮನೆ, ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಉಳಿದವರು ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರೆ ಈತ ಹಲ್ಲುಜ್ಜಿ ಸವೆದ ಬ್ರಷ್ ಸಿಕ್ಕಿಸಿಕೊಳ್ಳುತ್ತಿದ್ದ. ಹೆಗಲ ಚೀಲದಲ್ಲಿ ಒಂದು ಚಿಕ್ಕ ಸುತ್ತಿಗೆ, ಎರಡು ಸ್ಪ್ಯಾನರ್, ಒಂದು ಡಬ್ಬಿ ಗ್ರೀಸ್. ಲೋಕದಲ್ಲಿ ಎಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿದರೂ ಅದು ಈತನಿಗೆ ಸ್ವಂತ ಅವಮಾನ!

ಮೊದಲೇ ನನ್ನ ವಿಷಯವನ್ನೂ ಹೇಳಿಬಿಡುವುದು ಒಳ್ಳೆಯದು. ನಾನು ಮಠದ ಉಚಿತ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಬೆಳೆದವನು. ನಾಲ್ಕೂವರೆಗೆ ಎದ್ದೇಳುವ ಗಂಟೆ, ಐದಕ್ಕೆ ಸ್ನಾನದ ಗಂಟೆ, ಐದೂವರೆಗೆ ವಿಭೂತಿ ಧರಿಸಿ ಸಾಲಾಗಿ ನಿಲ್ಲುವ ಗಂಟೆ. ಹಾಸ್ಟೆಲು ಬಿಟ್ಟು ನಲವತ್ತು ವರ್ಷವಾದರೂ ಗಂಟೆ ನನ್ನ ತಲೆಯೊಳಗೆ ಬಾರಿಸುತ್ತಲೇ ಇತ್ತು. ತಿ. ನರಸೀಪುರದ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ಸಂಜೆ ಐದೂವರೆಗೆ ಸರಿಯಾಗಿ ವಾಕಿಂಗ್ ಹೊರಟು, ಸಂಗಮದವರೆಗೆ ಹೋಗಿ, ಆರೂಮುಕ್ಕಾಲಿಗೆ ಸರಿಯಾಗಿ ಗೇಟು ತೆರೆಯುತ್ತಿದ್ದೆ. ನನ್ನನ್ನು ನೋಡಿ ಬೀದಿಯವರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂದು ನಂಬಿದ್ದೆ. ಅವರು ಇನ್ನೂ ಏನೇನು ಸರಿಮಾಡಿಕೊಳ್ಳುತ್ತಿದ್ದರು ಎಂಬುದು ಆಮೇಲೆ ಗೊತ್ತಾಯಿತು. ಅದಕ್ಕೆ ಬರುತ್ತೇನೆ.

ಈ ಮಹಾಶಯ ಬನ್ನೂರಿನ ನಮ್ಮ ಮಾವನವರ ಮನೆಗೆ ಹೆಣ್ಣು ನೋಡಲು ಬಂದಾಗ ಹಿರಿಯ ಅಳಿಯನಾಗಿ ನಾನೂ ಅಲ್ಲಿದ್ದೆ. ಹುಡುಗಿ ತಟ್ಟೆ ಹಿಡಿದು ಬಂದಳು. ಎಲ್ಲರೂ ಹುಡುಗನನ್ನು ನೋಡಿದರೆ, ಹುಡುಗ ಹುಡುಗಿಯ ತಲೆಯ ಮೇಲಿಂದ ಬಾಗಿಲನ್ನು ನೋಡುತ್ತಿದ್ದಾನೆ!

"ಹುಡುಗಿ ಒಪ್ಪಿಗೆಯೇನಪ್ಪಾ?" ಎಂದು ಆಕೆ ಒಳಗೆ ಹೋದ ಮೇಲೆ ಮಾವನವರು ಕೇಳಿದರು.

"ಮೇಲಿನ ಕೀಲು ಪರವಾಗಿಲ್ಲ. ಕೆಳಗಿನದು ಇನ್ನೊಂದು ಮಳೆಗಾಲ ತಡಿಯಕಿಲ್ಲ," ಎಂದ.

ಮಾವನವರು ಬಾಗಿಲ ಕಡೆ ತಿರುಗಿ ನೋಡಿದರು. ಅಷ್ಟರಲ್ಲಿ ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು. ನಕ್ಕವಳು ಹುಡುಗಿಯೇ. ಸಂಬಂಧ ಕುದುರಿತು. ಊಟಕ್ಕೆ ಮುಂಚೆ ಕೀಲೂ ರಿಪೇರಿಯಾಯಿತು.

ಈತನೊಂದಿಗೆ ಬಸ್ಸಿನಲ್ಲಿ ಹೋಗುವುದಂತೂ ಬೇಡವೇ ಬೇಡ. ನಂಜನಗೂಡಿನಿಂದ ನಮ್ಮೂರಿಗೆ ಒಮ್ಮೆ ಜೊತೆಯಲ್ಲಿ ಬಂದೆವು. ಬಸ್ಸು ಹೊರಟ ಹತ್ತು ನಿಮಿಷಕ್ಕೆ ಪಕ್ಕದಲ್ಲಿದ್ದವನು ಮಾಯ! ನೋಡಿದರೆ ಸೀಟಿನ ಅಡಿಯಲ್ಲಿ ಮಂಡಿಯೂರಿದ್ದಾನೆ. ಹೆಂಗಸೊಬ್ಬಳು ಕಾಲು ಮೇಲೆತ್ತಿಕೊಂಡು, "ಅಯ್ಯೋ, ಏನ್ ಹುಡುಕ್ತಿದ್ದೀಯಣ್ಣ? ಚಿಲ್ಲರೆ ಬಿತ್ತಾ?" ಎಂದಳು. "ಇಲ್ಲ ಕಣವ್ವ, ನಿನ್ನ ಸೀಟಿನ ಬೋಲ್ಟು ಲೂಜ್ ಆಗದೆ. ಒಂಚೂರು ಎದ್ದೇಳು," ಎಂಬ ಉತ್ತರ ಕೆಳಗಿನಿಂದ ಬಂತು. ನಾನು ಕಿಟಕಿಯ ಕಡೆ ತಿರುಗಿ, ಈತ ಯಾರೋ ಏನೋ ಎಂಬ ಮುಖ ಮಾಡಿದೆ. ಆದರೆ ಕಂಡಕ್ಟರು ಸರಿಯಾಗಿ ನನ್ನನ್ನೇ ಹಿಡಿದ: "ಸಾ, ನಿಮ್ಮವರಿಗೆ ಹೇಳಿ ಸಾ, ಡ್ರೈವರ್ ಸೀಟೂ ಅಲ್ಲಾಡ್ತದೆ, ಹಂಗೇ ಅದನ್ನೂ ನೋಡ್ಬುಡ್ಲಿ!"

ಇನ್ನು ಆಯುಧಪೂಜೆ. ನನ್ನ ಸ್ಕೂಟರನ್ನು ನಾನು ಎರಡು ಕೊಡ ನೀರು ಸುರಿದು ತೊಳೆದು, ಒದ್ದೆಯಿದ್ದಂತೆಯೇ ಅರಿಶಿನ ಕುಂಕುಮ ಬಳಿದು, ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುತ್ತಿದ್ದೆ. ಎಲ್ಲವೂ ಕ್ರಮಬದ್ಧ. ಹಬ್ಬಕ್ಕೆ ಬಂದಿದ್ದ ಷಡ್ಡಕ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತ.

"ಅಣ್ಣ, ಮಗೀಗೆ ತಲೆಗೆ ನೀರು ಹಾಕಿದ್ಮೇಲೆ ಒರೆಸ್ತೀರೋ ಇಲ್ವೋ?"

"ಒರೆಸದೆ ಇರ್ತಾರೇನಯ್ಯಾ?"

"ಮತ್ತೆ ಈ ಬೋಲ್ಟುಗಳು ಏನು ಪಾಪ ಮಾಡಿದ್ವು? ಸಂದಿಯಲ್ಲಿ ನೀರು ನಿಲ್ಲಿಸಿ, ಮೇಲೆ ಕುಂಕುಮ ಮೆತ್ತಿ, ಅದೂ ನೀರು ಹೀರ್ಕೊಂಡು... ನೀವು ಮಾಡ್ತಿರೋದು ತುಕ್ಕಿನ ಪೂಜೆ. ಒಣಬಟ್ಟೆಯಲ್ಲಿ ಒರೆಸಿ, ನಟ್ಟು ಬಿಚ್ಚಿ, ಒಂದು ಬೆರಳು ಗ್ರೀಸ್ ಸವರಿ ತಿರುಗಿಸಿ. ಅದೇ ಕುಂಕುಮ ಅಂದ್ಕೊಳ್ಳಿ."

"ತಲತಲಾಂತರದ ಪದ್ಧತಿ ಕಣಯ್ಯಾ ಇದು!" ಎಂದು ಗದರಿದೆ. ಪದ್ಧತಿ ಎಂದ ಮೇಲೆ ಮುಗಿಯಿತು, ಅಲ್ಲವೇ? ಮುಂದಿನ ತಿಂಗಳು ಊರಿಂದ ನಾಲ್ಕು ಮೈಲಿ ಆಚೆ ಟೈರು ಪಂಕ್ಚರಾಯಿತು. ಸ್ಟೆಪ್ನಿ ಇದೆ, ಸ್ಪ್ಯಾನರ್ ಇದೆ, ನಟ್ಟು ಮಾತ್ರ ಕದಲುವುದಿಲ್ಲ! ಕಾಲಿನಲ್ಲಿ ಒದ್ದೆ, ಕಲ್ಲಿನಲ್ಲಿ ಬಡಿದೆ, ಹಾಸ್ಟೆಲಿನಲ್ಲಿ ಕಲಿತ ವಚನಗಳನ್ನೆಲ್ಲ ಹೇಳಿದೆ. ಕೊನೆಗೆ ಒಣಗಿದ ಕುಂಕುಮದ ಸ್ಕೂಟರನ್ನು ನಾಲ್ಕು ಮೈಲಿ ತಳ್ಳಿಕೊಂಡು ಬಂದೆ. ಸರ್ವೀಸಿನಲ್ಲಿ ಮೊದಲ ಬಾರಿಗೆ ಶಾಲೆಯ ಪ್ರಾರ್ಥನೆಗೆ ತಡವಾಯಿತು. ಮಕ್ಕಳು ಗಡಿಯಾರವನ್ನೇ ಅನುಮಾನಿಸಿದರಂತೆ, ನನ್ನನ್ನಲ್ಲ! ಈ ಸಂಗತಿಯನ್ನು ಷಡ್ಡಕನಿಗೆ ನಾನು ಇಂದಿಗೂ ಹೇಳಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಎರಡು ಮನೆಯಲ್ಲೂ ಶಾಂತಿ ಇರುತ್ತಿತ್ತು. ತೊಂಬತ್ತರ ದಶಕದ ನಡುವೆ ನಮ್ಮ ಬಡಾವಣೆಯಲ್ಲಿ ನೀರಿನ ತೊಟ್ಟಿ ಕಟ್ಟಿಸುವ ಕೆಲಸ ಹೊರಟಿತು. ಸಮಿತಿಯ ಕಾರ್ಯದರ್ಶಿ ಇನ್ನಾರು? ನಾನೇ! ಎತ್ತರದ ನಾಲ್ಕು ಕಬ್ಬಿಣದ ಕಾಲು, ಅಡ್ಡಡ್ಡಕ್ಕೆ ಪಟ್ಟಿ, ಗಂಟುಗಂಟಿಗೆ ಬೋಲ್ಟು, ಮೇಲೆ ತೊಟ್ಟಿ. ಪಕ್ಕದಲ್ಲೇ ಅಂಗನವಾಡಿ. ಹೇಳಿದ ದಿನಕ್ಕೆ ಒಂದು ದಿನ ಮುಂಚೆಯೇ ಮುಗಿಸಿದೆ. ಬೆಳ್ಳಿಯಂತೆ ಹೊಳೆಯುವ ಅಲ್ಯುಮಿನಿಯಂ ಪೇಂಟ್ ಹೊಡೆಸಿದೆ. ಒಂದು ಕಾಲಿಗೆ ನನ್ನ ಹೆಸರಿನ ತಗಡಿನ ಫಲಕ, ನಾಲ್ಕು ಬೋಲ್ಟು ಹಾಕಿ.

ಉದ್ಘಾಟನೆಯ ದಿನ ನನ್ನ ಸ್ವಾಗತ ಭಾಷಣ ನಡೆಯುತ್ತಿದೆ. ಹಿಂದಿನಿಂದ ಸದ್ದು: ಟಣ್. ಟಣ್. ಟೊಕ್. ತಿರುಗಿದರೆ ಷಡ್ಡಕ ಚಿಕ್ಕ ಸುತ್ತಿಗೆಯಿಂದ ಒಂದೊಂದೇ ಬೋಲ್ಟು ತಟ್ಟುತ್ತ, ಕಿವಿಯಿಟ್ಟು ಕೇಳುತ್ತ, ವೈದ್ಯರಂತೆ ತಲೆಯಾಡಿಸುತ್ತಿದ್ದಾನೆ! ಸಭೆ ನನ್ನನ್ನು ಬಿಟ್ಟು ಅವನನ್ನೇ ನೋಡುತ್ತಿದೆ. ಪ್ರತಿ 'ಟೊಕ್'ಗೂ ಹಿಂದಿನ ಸಾಲಿನವರು ಅಯ್ಯೋ ಅನ್ನುತ್ತಿದ್ದಾರೆ.

ಸಭೆ ಮುಗಿದ ಮೇಲೆ ಹಿಡಿದುಕೊಂಡೆ. "ಏನಯ್ಯಾ ಇದು, ಮಾನ ಕಳೀತೀಯಾ?"

"ಅಣ್ಣ, 'ಟಣ್' ಅಂದ್ರೆ ಗಟ್ಟಿ, 'ಟೊಕ್' ಅಂದ್ರೆ ಸಡಿಲ. ಕಂತ್ರಾಟುದಾರ ಹಳೇ ಬೋಲ್ಟು ಹಾಕವ್ನೆ. ತುಕ್ಕಿನ ಮೇಲೇ ಬಣ್ಣ ಬಳಿದವ್ನೆ. ಒಳಗೇ ತಿಂತಾ ಓಗ್ತದೆ, ಹೊರಗೆ ಬೆಳ್ಳಿ ಹಂಗೆ ಕಾಣ್ತದೆ. ಹಿತ್ತಾಳೆ ವಾಲ್ವನ್ನ ಕಬ್ಬಿಣಕ್ಕೆ ನೇರ ಕೂರಿಸವ್ನೆ. ಎರಡು ಬೇರೆ ಲೋಹ ತೇವದಲ್ಲಿ ಅಂಟ್ಕೊಂಡಿದ್ರೆ ಒಂದು ಇನ್ನೊಂದನ್ನ ತಿಂದಾಕ್ತದೆ. ಮಧ್ಯೆ ರಬ್ಬರ್ ವಾಷರ್ ಬೇಕು. ಕೆಳಗೆ ಮಕ್ಕಳು ಆಡ್ತವೆ ಅಣ್ಣ. ನಂಗೆ ಬುಡಿ, ಒಂದೊಂದೇ ಬದಲಾಯಿಸಿಕೊಡ್ತೀನಿ."

ಸರಿ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಕಂತ್ರಾಟುದಾರನನ್ನು ಆರಿಸಿದವನು ನಾನು, ಕೆಲಸ ಪಾಸು ಮಾಡಿದವನು ನಾನು. "ಆ ತೊಟ್ಟಿಗೆ ಕೈ ಹಚ್ಚಿದರೆ ನಮ್ಮ ಮನೆಯ ಹೊಸಿಲು ತುಳಿಯಬೇಡ!" ಎಂದುಬಿಟ್ಟೆ.

"ನೀವಿಬ್ರೂ ಬೇರೆ ಬೇರೆ ಲೋಹ," ಎಂದಳು ನನ್ನ ಹೆಂಡತಿ ರಾತ್ರಿ ಊಟ ಬಡಿಸುತ್ತ. "ನಾವು ಅಕ್ಕತಂಗೀರು ಮಧ್ಯೆ ವಾಷರ್ ಆಗಿರೋದಕ್ಕೆ ನಡೀತಿದೆ."

ಹತ್ತು ವರ್ಷಕ್ಕೂ ಮೇಲೆ ತೊಟ್ಟಿ ಜಗ್ಗಲಿಲ್ಲ, ಬಗ್ಗಲಿಲ್ಲ. ಪ್ರತಿ ಶನಿವಾರ ನನ್ನ ಫಲಕವನ್ನು ಒದ್ದೆಬಟ್ಟೆಯಲ್ಲಿ ನಾನೇ ಒರೆಸುತ್ತಿದ್ದೆ. ಷಡ್ಡಕ ಹಬ್ಬ ಹುಣ್ಣಿಮೆಗೆ ಬಂದಾಗಲೆಲ್ಲ ಕಿಟಕಿಯಿಂದ ತೋರಿಸಿ, "ನೋಡಯ್ಯಾ, ನಿನ್ನ ಗ್ರೀಸ್ ಇಲ್ಲದೆ ನಿಂತಿದೆ!" ಎಂದು ಚುಚ್ಚುತ್ತಿದ್ದೆ. ಆತ ಕಾಫಿ ಲೋಟದೊಳಗೆ ನೋಡುತ್ತ, "ಊಂ ಅಣ್ಣ, ಒಳ್ಳೆ ಪೇಂಟು," ಎನ್ನುತ್ತಿದ್ದ. ಸೋತ ಮನುಷ್ಯ ಎಂದು ನಾನು ಉದಾರವಾಗಿ ಇನ್ನೊಂದು ಚಕ್ಕುಲಿ ಕೊಡುತ್ತಿದ್ದೆ. ಕೊನೆಕೊನೆಗೆ ಒಂದು ಸಲ ಆತನ ಲೋಟ ಅಲುಗಿ ಕಾಫಿ ಪಂಚೆಯ ಮೇಲೆ ಚೆಲ್ಲಿತು. "ಈಗ ಗ್ರೀಸ್ ಬೇಕಾಗಿರೋದು ನಿನ್ನ ಕೀಲಿಗೆ ಕಣಯ್ಯಾ!" ಎಂದೆ. ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ. ಅದನ್ನು ಆಗ ಗಮನಿಸಲಿಲ್ಲ.

ಆಮೇಲೆ ಊರಿಗೆಲ್ಲ ಹೊಸ ನಲ್ಲಿನೀರು ಬಂತು, ತೊಟ್ಟಿ ಬೇಡವಾಯಿತು. ಬಿಚ್ಚಲು ಇಬ್ಬರು ಆಳುಗಳು ಗ್ಯಾಸ್ ಕಟರ್ ಹೊತ್ತು ಬಂದರು. ನಾನು ಕುರ್ಚಿ ಹಾಕಿಸಿಕೊಂಡು ಮೇಲ್ವಿಚಾರಣೆಗೆ ಕುಳಿತೆ. ಅರ್ಧ ಗಂಟೆಯಾದರೂ ಅವರು ಕಟರ್ ಹೊತ್ತಿಸಲೇ ಇಲ್ಲ.

"ಕಟರ್ ತಂದಿದ್ದೇ ದಂಡ ಸಾ!" ಎಂದು ಹಿರಿಯ ಆಳು ಮೇಲಿನಿಂದ ಕೂಗಿದ. "ಎಂಗ್ ಮಡಿಕಂಡಿದ್ದೀರ ಸಾ! ಬೋಲ್ಟು ಕೈಯಾಗೇ ತಿರುಗ್ತಾವೆ. ಬೆಣ್ಣೆ, ಬೆಣ್ಣೆ!"

ನಾನು ಎದೆಯುಬ್ಬಿಸಿ, "ಎಲ್ಲ ಪೇಂಟಿನ ಗುಣ ಕಣಪ್ಪಾ. ನಾನೇ ನಿಂತು ಹೊಡೆಸಿದ್ದು," ಎಂದೆ.

ಆತ ಕೆಳಗಿಳಿದು ಬೋಲ್ಟೊಂದನ್ನು ನನ್ನ ಅಂಗೈಗಿಟ್ಟ. ತಲೆಯ ಮೇಲೆ ನನ್ನ ಬೆಳ್ಳಿ ಬಣ್ಣ, ಅದರ ಕೆಳಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್, ಮರೆಯಲ್ಲಿ ತಣ್ಣಗೆ ಕುಳಿತ ಗ್ರೀಸ್. "ಪೇಂಟಲ್ಲ ಸಾ. ಯಾರೋ ಒಂದೊಂದೇ ಬಿಚ್ಚಿ, ಹೊಸಾದು ಹಾಕಿ, ಮೇಲೆ ನಿಮ್ಮ ಬಣ್ಣನೇ ಸವರವ್ರೆ. ವಾಲ್ವಿಗೂ ರಬ್ಬರ್ ವಾಷರ್ ಐತೆ. ಹಳೇವು ಅಂದ್ರೆ ಅಗೋ, ಆ ಬೋರ್ಡಿಂದು ನಾಕೇ." ಎಂದವನು ಹೋಗಿ ನನ್ನ ಹೆಸರಿನ ಫಲಕವನ್ನು ಸ್ಪ್ಯಾನರಿನಿಂದ ಸುಮ್ಮನೆ ಮುಟ್ಟಿದ. ಅಷ್ಟೇ! ನಾಲ್ಕು ಬೋಲ್ಟೂ ಹಪ್ಪಳದ ಹಾಗೆ ಮುರಿದು, ಫಲಕ ದಬಾರನೆ ನನ್ನ ಕಾಲ ಬಳಿ ಬಿತ್ತು. ಇಡೀ ತೊಟ್ಟಿಯಲ್ಲಿ ನನ್ನ ಸ್ವಂತ ಆರೈಕೆಯಲ್ಲಿದ್ದವು ಆ ನಾಲ್ಕೇ!

ಮನೆಗೆ ಬಂದು ಬೋಲ್ಟನ್ನು ಹೆಂಡತಿಯ ಮುಂದಿಟ್ಟೆ. ಆಕೆ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ತಿಂಗಳ ಮೊದಲನೇ ಭಾನುವಾರ. ನೀವು ಐದೂವರೆಗೆ ಗೇಟು ದಾಟ್ತಿದ್ರಿ. ಐದು ಮೂವತ್ತೈದಕ್ಕೆ ಅವರು ಬರ್ತಿದ್ರು. ಒಂದು ಸಲಕ್ಕೆ ಎರಡೋ ಮೂರೋ ಬೋಲ್ಟು. ಆರೂವರೆಗೆ ಕಾಫಿ ಕುಡಿದು ಬಸ್ಸಿಗೆ ಹೋಗ್ತಿದ್ರು. ಟೈಮಿಗೆ ಸರಿಯಾಗಿ ಹೋಗಿ ಬರೋ ಗಂಡ ಇದ್ರೆ ಗುಟ್ಟು ಕಾಪಾಡೋದು ಎಷ್ಟು ಸುಲಭ ಅಂತೀರಿ!"

"ಬೀದಿಯವರು ನೋಡಲಿಲ್ಲವೇ?"

"ಏಣಿ ಹಿಡ್ಕೊಳ್ತಿದ್ದವರು ಯಾರು ಮತ್ತೆ?"

"ನನಗೊಬ್ಬನಿಗೇ ಯಾಕೆ ಹೇಳಲಿಲ್ಲ?"

ಆಕೆ ಈಗ ತಲೆ ಎತ್ತಿದಳು. "ನಾನೂ ಕೇಳಿದೆ. 'ಮಕ್ಕಳ ತಲೆ ಮೇಲೆ ಬೀಳಬಾರ್ದು ಅಕ್ಕ, ಅಣ್ಣನ ಮಾತೂ ಕೆಳಗೆ ಬೀಳಬಾರ್ದು' ಅಂದ್ರು. ಬೋರ್ಡು ನೀವು ವಾರವಾರ ಒರೆಸ್ತೀರಿ, ಗೊತ್ತಾಗುತ್ತೆ ಅಂತ ಅದನ್ನ ಮಾತ್ರ ಮುಟ್ಟಲಿಲ್ಲ. ಹೋದ ವರ್ಷದಿಂದ ಬರ್ತಾ ಇಲ್ಲ. ಕೈ ನಡುಗುತ್ತಲ್ಲ, ಸ್ಪ್ಯಾನರ್ ನಿಲ್ಲಲ್ಲ."

ಅಂದು ಸಂಜೆ ವಾಕಿಂಗಿನ ಗಂಟೆ ತಲೆಯಲ್ಲಿ ಬಾರಿಸಿತು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ನಂಜನಗೂಡಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ತಯಾರು ಮಾಡಿದೆ: ಒಂದು, ತಪ್ಪೊಪ್ಪಿಗೆ, ಎರಡು, ವಂದನಾರ್ಪಣೆ, ಮೂರು, ಕಾಫಿ ಚೆಲ್ಲಿದ ದಿನದ ಮಾತಿಗೆ ಕ್ಷಮೆ. ಮೇಷ್ಟ್ರಲ್ಲವೇ!

ಆತನ ಮನೆಯ ಗೇಟು ತಳ್ಳಿದೆ. ಕಿರ್ರ್ ಎಂದಿತು! ಆ ಗೇಟು ಅಷ್ಟು ವರ್ಷದಲ್ಲಿ ಒಂದು ದಿನವೂ ಸದ್ದು ಮಾಡಿದ್ದಿಲ್ಲ. ನನ್ನ ಮೂರೂ ಅಂಶಗಳು ಅಲ್ಲೇ ಮರೆತುಹೋದವು.

ಜಗಲಿಯಲ್ಲಿ ಕುಳಿತಿದ್ದ ಷಡ್ಡಕ ಎದ್ದು, ಕೈಗಳನ್ನು ಟವೆಲ್ಲಿನಡಿ ಮುಚ್ಚಿಕೊಂಡ. "ಬನ್ನಿ ಅಣ್ಣ. ಇದೇನು ಈ ಹೊತ್ನಲ್ಲಿ? ವಾಕಿಂಗ್ ಇಲ್ವಾ? ತೊಟ್ಟಿ ಬಿಚ್ಚಿದ್ರಂತೆ?"

"ಬಿಚ್ಚಿದರು."

"ಹೆಂಗಿತ್ತು?"

"ಒಂದೂ 'ಟೊಕ್' ಅನ್ನಲಿಲ್ಲ ಕಣಯ್ಯಾ," ಎಂದೆ.

ಆತ ಕೈಮೇಲಿನ ಟವೆಲ್ಲು ಸರಿಮಾಡಿಕೊಂಡ. "ಒಳ್ಳೆ ಪೇಂಟು ಅಣ್ಣ," ಎಂದ.

"ನಿನ್ನ ತಲೆ! ಚೀಲ ಎಲ್ಲಿದೆ?"

ಬ್ರಷ್, ಗ್ರೀಸ್ ಡಬ್ಬಿ ತೆಗೆದುಕೊಂಡು ಗೇಟಿನ ಬಳಿ ನೆಲದ ಮೇಲೆ ಕುಳಿತೆ, ಇಸ್ತ್ರಿ ಮಾಡಿದ ಪಂಚೆಯಲ್ಲಿಯೇ. ಆತ ಹಿಂದೆ ನಿಂತು ಮೇಷ್ಟ್ರಾದ. "ಮೊದಲು ತುಕ್ಕು ಉಜ್ಜಿ ಅಣ್ಣ. ಹಂಗಲ್ಲ. ಒಣಬಟ್ಟೆ ತಗಳ್ಳಿ. ಅಯ್ಯೋ, ಅಷ್ಟೊಂದು ಮೆತ್ತಬೇಡಿ, ಅದೇನು ರೊಟ್ಟಿಗೆ ಬೆಣ್ಣೆಯಾ?" ನಾನು ಸರಿಸರಿ ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಸಲ ಸರಿ ಎಂದವನಲ್ಲ.

ಮುಗಿದ ಮೇಲೆ ಷಡ್ಡಕ ಟವೆಲ್ಲಿನಡಿಯಿಂದ ಕೈ ತೆಗೆದು, ಚಿಕ್ಕ ಸುತ್ತಿಗೆಯಿಂದ ನಾನು ಗ್ರೀಸ್ ಹಚ್ಚಿದ ಕೀಲನ್ನು ಪರೀಕ್ಷೆಗೆಂದು ಒಮ್ಮೆ ತಟ್ಟಿದ. ಕೈ ನಡುಗುತ್ತಿತ್ತಲ್ಲ, ತಟ್ಟಿದ್ದು ಒಂದು ಸಲವಾದರೂ ಕೇಳಿಸಿದ್ದು ಮೂರು ಸಲ: ಟಣ್, ಟಣ್, ಟಣ್.