ಮಸ್ಕಿಯಲ್ಲಿ ರಿಮಾನ್‌ಸ್ಟ್ರೇಟ್

ಇಂಗ್ಲಿಷ್ ಕಲಿಸುವವರಿಗೆ ಸುಖವೇ ಇಲ್ಲ. ಮಕ್ಕಳು ಪಾಠ ಮರೆತರೆ ಬೇಜಾರು, ನೆನಪಿಟ್ಟರೆ ಫಜೀತಿ. ಮಸ್ಕಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನನಗೆ ಆಗಾಗ ಆಗುವುದು ಎರಡನೆಯದು.

ಪಲ್ಯ ಇಲ್ಲದ ರೊಟ್ಟಿ

ಹತ್ತನೇ ತರಗತಿಗೆ ‘ರಿಮಾನ್‌ಸ್ಟ್ರೇಟ್’ ಎಂಬ ಕ್ರಿಯಾಪದ ಹೇಳಿಕೊಡುತ್ತಿದ್ದೆ. “ಅಂದರೆ ಖಡಕ್ಕಾಗಿ ವಿರೋಧಿಸುವುದು. ಬರೀ ಚೀರಾಡಿದರೆ ಆಗಲಿಲ್ಲ, ಎದುರಿಗೆ ನಿಂತು ಕಾರಣ ಹೇಳಬೇಕು. ನಿಮ್ಮ ಮನೆಯಲ್ಲಿ ಯಾರು ಹೀಗೆ ಮಾಡ್ತಾರೆ?”

ಕಿರಾಣಿ ಅಂಗಡಿಯವರ ಮಗಳು ಎದ್ದು ನಿಂತಳು. “ನಮ್ಮವ್ವ ಮಾಡ್ತಾಳ್ರೀ ಮೇಡಂ. ಸಿಟ್ಟು ಬಂತಂದ್ರ ಅಪ್ಪಗ ಬರೇ ರೊಟ್ಟಿ ಹಾಕ್ತಾಳ, ಪಲ್ಯ ಹಾಕಂಗಿಲ್ಲ.”

“ಕಾರಣ ಹೇಳ್ತಾಳೇನು?”

“ಹೇಳೋದೇ ಬ್ಯಾಡ್ರೀ. ಎರಡನೇ ರೊಟ್ಟಿಗೆ ಅಪ್ಪಗ ತನ್ನ ತಪ್ಪು ತಾನೇ ನೆನಪಾಕ್ಕೈತಿ.”

ಚಹಾ ಕುಡಿದು ಬೈದದ್ದು

ಪರೀಕ್ಷೆ ಮುಗಿದ ಮೇಲೆ ಒಂದು ದಿನ ಆ ಅಪ್ಪನೇ ಶಾಲೆಗೆ ಬಂದರು. ಗೇಟಿನಿಂದಲೇ ದನಿ ಕೇಳಿಸಿತು.

“ಏನ್ ಕಲಿಸೀರಿ ಮೇಡಂ ನಮ್ಮ ಹುಡುಗಿಗೆ? ಹತ್ತನೇದು ಸಾಕು, ಅಂಗಡ್ಯಾಗ ಕೂಡು ಅಂದ್ರ, ಸಿಂಧನೂರು ಕಾಲೇಜಿಗೆ ಹೋಗ್ತೀನಿ ಅಂತಾಳ. ಹನ್ನೊಂದು ಕಾರಣ ಬರದು ಗ್ವಾಡಿಗೆ ಹಚ್ಚ್ಯಾಳ! ಮ್ಯಾಲ ದಪ್ಪ ಅಕ್ಷರದಾಗ ನಿಮ್ಮ ರಿಮಾನ್‌ಸ್ಟ್ರೇಟ್!”

ನಮ್ಮ ಕಡೆ ಜಗಳಕ್ಕೆ ಬಂದವರಿಗೂ ಚಹಾ ತಪ್ಪುವುದಿಲ್ಲ. “ಮೊದಲು ಚಹಾ ಕುಡೀರಿ, ಆಮ್ಯಾಲೆ ಬೈರಿ” ಎಂದೆ. ಅರ್ಧ ಕುಡಿದು ಬೈದರು, ಬೈದು ಉಳಿದರ್ಧ ಕುಡಿದರು. ನನಗೋ ಒಳಗೊಳಗೇ ಸಂಕಟ. ಅಷ್ಟು ಚುರುಕು ಹುಡುಗಿ ತಕ್ಕಡಿ ಹಿಡಿದು ಕೂತುಬಿಟ್ಟರೆ?

“ಹನ್ನೊಂದರಾಗ ಎಷ್ಟಕ್ಕ ನಿಮ್ಮ ಹತ್ರ ಉತ್ತರ ಐತ್ರಿ?” ಎಂದು ಕೇಳಿದೆ.

ಅವರು ಖಾಲಿ ಕಪ್ಪನ್ನೇ ನೋಡಿದರು. “ಹತ್ತಕ್ಕ ಐತ್ರಿ. ಹನ್ನೊಂದನೇದು ಅವರವ್ವನ ಅಕ್ಷರದಾಗ ಐತಿ. ಕಾಲೇಜಿಗೆ ಹಚ್ಚೋ ತನಕ ಪಲ್ಯ ಬಂದ್ ಅಂತ.”

ಕಿಟಕಿಯ ಮುಂದೆ

ಅಂತೂ ಅಪ್ಪ ಒಪ್ಪಿ, ಮಗಳನ್ನು ಕರೆದುಕೊಂಡು ಸಿಂಧನೂರಿನ ಕಾಲೇಜಿಗೆ ಹೋದರು. ಅಲ್ಲಿ ಕಿಟಕಿಯ ಹಿಂದಿನ ಗುಮಾಸ್ತರು ಎರಡು ದಿನ “ನಾಳೆ ಬರ್ರಿ” ಎಂದು ಸಾಗಹಾಕಿದರು. ಮೂರನೆಯ ದಿನವೇ ಪ್ರವೇಶಕ್ಕೆ ಕಡೆಯ ದಿನ. ಅವತ್ತೂ “ನಾಳೆ” ಎಂದರು. ಮಗಳ ಕಣ್ಣು ತುಂಬಿ ಬಂತಂತೆ. ಅದನ್ನು ನೋಡಿ ಅಪ್ಪ ಕಿಟಕಿಯ ಸರಳು ಹಿಡಿದುಕೊಂಡರು.

“ಸಾಹೇಬ್ರ, ಒಂದು, ಹೊರಗ ಹಚ್ಚಿದ ಆಯ್ಕೆ ಪಟ್ಟಿಯೊಳಗ ನಮ್ಮ ಹುಡುಗಿ ಹೆಸರೈತಿ. ಎರಡು, ನಾಳೆ ಅನ್ನೋದು ಇನ್ನ ಇಲ್ಲ. ಮೂರು, ನಾ ಇಲ್ಲಿ ರಿಮಾನ್‌ಸ್ಟ್ರೇಟ್ ಮಾಡಾಕ ಬಂದೀನಿ!”

ಅದೇನೋ ದೊಡ್ಡ ಕಾನೂನಿರಬೇಕು ಎಂದು ಗುಮಾಸ್ತರು ದಡಬಡಿಸಿ ಎದ್ದರಂತೆ. ಒಳಗೆ ಕರೆದು, ಕುರ್ಚಿ ಹಾಕಿ, ನೀರು ಕೊಟ್ಟು, ಅರ್ಜಿಗೆ ಠಪ್ಪೆಂದು ಶಿಕ್ಕಾ ಒತ್ತಿದರು. ಅವತ್ತು ಸಂಜೆ ಬಂದು ನನಗೆ ಇದನ್ನು ಹೇಳುವಾಗ ಹುಡುಗಿಗೆ ನಗು ತಡೆಯಲಿಲ್ಲ. ನನಗಂತೂ ಹಬ್ಬವೇ ಆಯಿತು.

ಮರುದಿನ ಆ ಅಪ್ಪ ನಮ್ಮ ಮನೆಗೇ ಬಂದರು. ಉಪಕಾರ ನೆನೆಯಲು ಬಂದಿರಬೇಕು ಎಂದು ನಾನು ಸೆರಗು ಸರಿಮಾಡಿಕೊಂಡು ಹೊರಗೆ ಬಂದೆ. ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಮೇಡಂ, ಆ ಶಬ್ದ ಛಲೋ ಕೆಲಸ ಮಾಡ್ತು. ಅದಕ್ಕಿಂತ ಉದ್ದಂದು ಯಾವುದಾರ ಐತೇನ್ರಿ? ನಾಳೆ ಬಸ್ ಪಾಸ್ ಮಾಡಿಸಾಕ ಹೋಗಬೇಕು.”