ಗಾಳಿಯಲ್ಲೊಂದು ಫೋರ್ತ್ ಸೀಟ್

ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ಕಳ್ಳನಿಗಾದರೂ ಬಾಗಿಲು ತೆರೆದಾರು, ನಮ್ಮ ಚಿಕ್ಕಪ್ಪನಿಗೆ ತೆರೆಯುವುದಿಲ್ಲ! ಕಳ್ಳನಿಗೆ ಒಡವೆ ಸಿಕ್ಕರೆ ಸಾಕು. ಇವರಿಗೆ ನಿಮ್ಮ ವೈ-ಫೈ ಯಾವ ಚಾನೆಲ್‌ನಲ್ಲಿದೆ, ಅಂದರೆ ತರಂಗದ ಯಾವ ಹಳಿಯ ಮೇಲೆ ಓಡುತ್ತಿದೆ ಎಂದು ತಿಳಿಯಲೇಬೇಕು. ರಿಟೈರಾದವರೆಲ್ಲ ಪಾರ್ಕಿನಲ್ಲಿ ವಾಕಿಂಗ್ ಮಾಡಿದರೆ, ಇವರದು ಮೊಬೈಲ್ ಮುಂದೆ ಹಿಡಿದು ಸಿಗ್ನಲ್ ಅಳೆಯುತ್ತ ಮೆಟ್ಟಿಲ ಮೇಲೆ. ವೈ-ಫೈ ತರಂಗಕ್ಕೆ ಲೈಸೆನ್ಸ್ ಬೇಡ, ಯಾರು ಬೇಕಾದರೂ ಬಳಸಬಹುದು, ಅದಕ್ಕೇ ಈ ನೂಕುನುಗ್ಗಲು ಎಂಬುದು ಅವರ ನಿತ್ಯ ಭಾಷಣ.

ಬೀದಿ ಕಂಬದಲ್ಲಿ ಮೊಬೈಲ್ ಕಂಪನಿಯ ಪೆಟ್ಟಿಗೆ ಕಾಣಿಸಿಕೊಂಡು, ಅದೂ ಇದೇ ತರಂಗ ಬಳಸುತ್ತದೆಂದು ತಿಳಿದಾಗಲಂತೂ ಕೆಂಡವಾದರು. ದುಡ್ಡು ಕೊಟ್ಟು ಕೊಂಡ ಸ್ವಂತ ತರಂಗವೆಂಬ ಫಸ್ಟ್ ಕ್ಲಾಸ್ ಪಾಸ್ ಇದ್ದವನಿಗೆ ನಮ್ಮ ಸೆಕೆಂಡ್ ಕ್ಲಾಸೂ ಬೇಕೇ? ಆಮೇಲೆ ಅದರ ಬಗ್ಗೆ ಓದಿ ತಣ್ಣಗಾದರು. ಬೇರೆಯವರು ಸುಮ್ಮನಾಗುವವರೆಗೆ ಕಾದು ಅದು ಮಾತಾಡುತ್ತದಂತೆ. ನಮ್ಮ ಸೊಸೈಟಿ ಮೀಟಿಂಗಿನಲ್ಲಿ ಈ ಸಂಸ್ಕಾರ ಯಾರಿಗಿದೆ, ಹೇಳಿ!

ನಾವೆಲ್ಲ ನಗುತ್ತಿದ್ದೆವು, ಎರಡನೇ ಮಹಡಿಯ ಹುಡುಗಿಗೆ ಸಂಬಂಧ ಕೂಡಿಬರುವವರೆಗೆ. ಅವಳಿಗೆ ಕಿವಿ ಕೇಳಿಸದು, ಮಾತೆಲ್ಲ ಕೈಸನ್ನೆಯಲ್ಲಿ. ಪುಣೆಯ ಹುಡುಗನದೂ ಅದೇ ಭಾಷೆ. ಹೂಂ ಅನ್ನುವ ಮೊದಲು ವಿಡಿಯೋದಲ್ಲಿ ಮನಬಿಚ್ಚಿ ಮಾತಾಡಬೇಕೆಂದು ಅವಳ ಆಸೆ. ಆದರೆ ಸಂಜೆ ಇಡೀ ಬಿಲ್ಡಿಂಗ್ ನೆಟ್‌ಗೆ ಮುಗಿಬಿದ್ದಾಗ ಅವನ ಕೈ ಅರ್ಧದಲ್ಲೇ ನಿಂತುಬಿಡುತ್ತಿತ್ತು. ಹಿರಿಯರಿಗೆ ಭಾನುವಾರವೇ ಉತ್ತರ ಬೇಕು. ಅರ್ಧ ಮಾತು ನೋಡಿ ಪೂರ್ತಿ ಒಪ್ಪಿಗೆ ಹೇಗೆ ಕೊಡಲಿ ಎಂದು ಹುಡುಗಿ ಅತ್ತಳಂತೆ.

ಭಾನುವಾರ ಸಂಜೆ ಚಿಕ್ಕಪ್ಪ ಮನೆಮನೆ ಹತ್ತಿದರು. ಕೆಲವರು ಚಾನೆಲ್ ಬದಲಿಸಿದರು, ಕೆಲವರು ಪೀಡೆ ತೊಲಗಲಿ ಎಂದು ಆಫ್ ಮಾಡಿದರು. ಹೋಟೆಲಿನ ಶೆಟ್ಟರು ಮಾತ್ರ ಜಗ್ಗಲಿಲ್ಲ. ಅವರ ಮನೆಯಲ್ಲಿ ಕೋಣೆಗೊಂದು ರೂಟರ್!

"ಎಂಥ ಮಾರಾಯ್ರೆ, ನನ್ನ ಮನೆ ನೆಟ್ ನಾನ್ಯಾಕೆ ಬಂದ್ ಮಾಡುದು?"

"ಲೋಕಲ್ ಟ್ರೇನ್‌ನಲ್ಲಿ ಮೂವರ ಸೀಟಿನ ಹತ್ರ ನಾಲ್ಕನೆಯವರು ನಿಂತ್ರೆ ಸರ್ಕೊಳ್ಳಲ್ವಾ ಶೆಟ್ರೇ? ಆ ಹುಡುಗಿಗೂ ಸ್ವಲ್ಪ ಸರ್ಕೊಳ್ಳಿ."

ಶೆಟ್ಟರು ತಲೆ ಕೆರೆದುಕೊಂಡರು. ಆಮೇಲೆ ಒಳಗೆ ಹೋಗಿ ಒಂದೊಂದೇ ಪ್ಲಗ್ ಕಿತ್ತರು. ಮನೆಯವರ ಗೊಣಗಾಟ ನಮಗೂ ಕೇಳಿಸಿತು.

ಅದೇ ರಾತ್ರಿ ವಿಡಿಯೋ ಕರೆ ಮುಗಿಸಿ ತಾಯಿ ಮಗಳು ನಮ್ಮನೆಗೆ ಬಂದರು. ಹುಡುಗಿ ಚಿಕ್ಕಪ್ಪನೆದುರು ನಿಂತು ಕೈಯಲ್ಲಿ ಏನೋ ಹೇಳಿದಳು. ಊರಿಗೆಲ್ಲ ಭಾಷಣ ಬಿಗಿಯುವ ಮನುಷ್ಯ ಆ ಸನ್ನೆಯ ಅರ್ಥ ತಿಳಿಯಲು ಅವಳ ತಾಯಿಯತ್ತ ನೋಡಿದರು. ನನಗೆ ಅವರ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿಬಂತು.

"ಒಪ್ಕೊಂಡ್ಲು ಅಣ್ಣಾ," ಎಂದರು ಆ ತಾಯಿ. "ಅವನು ನಗೋದನ್ನ ಇವತ್ತು ಪೂರ್ತಿ ನೋಡ್ದೆ ಅಂತಿದಾಳೆ."